ಯಾರ ತೋಳೋ ಅವರ ಕಾವು

ಬೆಂಗಳೂರಿನಿಂದ ಚಿತ್ರದುರ್ಗ, ಹೊಸಪೇಟೆ, ಕುಷ್ಟಗಿಗಳನ್ನು ದಾಟಿ ಉತ್ತರಕ್ಕೆ ಸಾಗುವ ಹೆದ್ದಾರಿಯಲ್ಲಿ ಬಾಗಲಕೋಟೆ ಜಿಲ್ಲೆಯ ಮೊದಲ ಪೇಟೆ ಇಳಕಲ್ಲು. ಆ ಹೆಸರು ಕಿವಿಗೆ ಬಿದ್ದೊಡನೆ ಮನೆಯ ಹೆಣ್ಣುಮಕ್ಕಳ ಕಣ್ಣಮುಂದೆ ನಿಲ್ಲುವುದು ಕೆಂಪು ಸೆರಗಿನ ಸೀರೆ. ಆದರೆ ಮನೆ ಕಟ್ಟಿಸುವ ಯಜಮಾನರಿಗೆ ಇಳಕಲ್ಲೆಂದರೆ ಕೆಂಪು ಗ್ರಾನೈಟು. ಮೆರುಗು ಕೊಟ್ಟರೆ ಕನ್ನಡಿಯಂತೆ ಹೊಳೆಯುವ ಆ ಕಲ್ಲು ಕಡಲು ದಾಟಿ ಪರದೇಶಗಳ ಅಂಗಳಗಳನ್ನೂ ಸೇರಿದೆ.

ಈ ಹೆದ್ದಾರಿಯ ಮಗ್ಗುಲಲ್ಲಿ ನಡೆಯಬಹುದಾದ ಒಂದು ಪ್ರಸಂಗವನ್ನು ವಾಚಕರು ಕಲ್ಪಿಸಿಕೊಳ್ಳಬೇಕು.

ಬಾಗಲಕೋಟೆಯ ಹುಡುಗನೊಬ್ಬ ಬೆಂಗಳೂರಿನಲ್ಲಿ ಇಂಜಿನಿಯರನಾಗಿ, ನಲವತ್ತು ದಾಟಿ, ಮಡದಿಯನ್ನೂ ಹದಿನಾಲ್ಕರ ಮಗಳನ್ನೂ ಕರೆದುಕೊಂಡು ದೀಪಾವಳಿಗೆ ಊರಿಗೆ ಹೊರಟಿದ್ದಾನೆ. ಕಾರಿನ ಹಿಂಬದಿಯಲ್ಲಿ ಬಟ್ಟೆಯ ಪೆಟ್ಟಿಗೆಗಳ ಜೊತೆಗೆ ಉದ್ದನೆಯ ಚೀಲವೊಂದಿದೆ. ಅದರಲ್ಲಿರುವುದು ಗಾಲ್ಫ್ ಆಟದ ದಾಂಡುಗಳು. ಆಫೀಸಿನ ಗೆಳೆಯರ ಸಹವಾಸದಿಂದ ಎರಡು ವರ್ಷಗಳ ಹಿಂದೆ ಹತ್ತಿದ ಈ ಆಟದ ಹುಚ್ಚು ಅವನಿಗೆ ಸಂತೋಷವನ್ನೂ ತಂದಿದೆ, ಬಲಗೈಯ ಮೊಣಕೈಗೆ ಒಂದು ಪಟ್ಟಿಯನ್ನೂ ತಂದಿದೆ.

ಇಳಕಲ್ಲಿನ ಹೊರವಲಯದಲ್ಲಿ ಕಾರಿನ ಗಾಲಿಯ ಗಾಳಿ ಹೋಯಿತು. ಗಾಲಿ ಬದಲಾಯಿಸುವವರೆಗೆ ಮೂವರೂ ಬೇವಿನ ಮರದ ನೆರಳಿಗೆ ಬಂದು ನಿಂತರು. ಅಲ್ಲಿ ವಯಸ್ಸಾದ ಕಲ್ಲುಕುಟಿಗನೊಬ್ಬ ದೊಡ್ಡ ಬಂಡೆಯ ಸಾಲುಗುಳಿಗಳಲ್ಲಿ ಉಕ್ಕಿನ ಬೆಣೆಗಳನ್ನು ನೆಟ್ಟು, ಒಂದಾದ ಮೇಲೊಂದರಂತೆ ಅವುಗಳ ತಲೆಗೆ ಸುತ್ತಿಗೆಯ ಪೆಟ್ಟು ಹಾಕುತ್ತಿದ್ದ. ಇಂಜಿನಿಯರನ ಕಣ್ಣು ಸುತ್ತಿಗೆಯ ಕಾವಿನ ಮೇಲೆ ನೆಟ್ಟಿತು. ಅದು ಹೆಬ್ಬೆರಳಿನಷ್ಟೇ ದಪ್ಪ. ಸುತ್ತಿಗೆ ಮೇಲೆದ್ದು ಕೆಳಗಿಳಿಯುವಾಗ ಬಿಲ್ಲಿನಂತೆ ಬಾಗಿ ನೆಟ್ಟಗಾಗುತ್ತಿತ್ತು.

"ಕಾಕಾ, ಕಾವು ಇಷ್ಟ್ಯಾಕ ಸಣ್ಣಂದು ಹಾಕೀರಿ? ದಪ್ಪಂದು ಹಾಕಿದ್ರ ಪೆಟ್ಟು ಗಟ್ಟಿ ಬೀಳೂದಿಲ್ಲೇನ್ರಿ?"

"ದಪ್ಪಂದು ಹಾಕಿದ್ರ ಕಲ್ಲಿಗಿ ಬೀಳೂ ಪೆಟ್ಟು ಕೈಗೂ ಬೀಳತೈತ್ರಿ ಸಾಹೇಬ್ರ. ಕಾವು ಬಾಗಬೇಕು. ಅದು ಬಾಗಲಿಲ್ಲಂದ್ರ ನಾವು ಬಾಗಬೇಕಾಗತೈತಿ."

"ಹಂಗಾದ್ರ ಎಲ್ಲಾರೂ ಇಂಥಾದ್ನ ಹಾಕ್ಕೋತಾರೇನ್ರಿ?"

"ಎಲ್ಲಾರದೂ ಒಂದ ನಮೂನಿ ಹೆಂಗಾದೀತ್ರಿ? ನನ್ನ ಮಗಾ ಹರೇದಾಂವ, ಜೋರಲೇ ಬೀಸ್ತಾನ. ಅವಂದು ಸ್ವಲ್ಪ ಬಿರುಸೈತಿ. ಅವನ ಸುತ್ತಿಗಿ ನಾ ಹಿಡದ್ರ ಸಂಜೀಕ ಕೈ ಎತ್ತಾಕ ಬರೂದಿಲ್ಲ. ಯಾರ ತೋಳೋ ಅವರ ಕಾವು."

ಮಗಳು ಏನೂ ಹೇಳಲಿಲ್ಲ. ತಂದೆಯ ಮೊಣಕೈಯ ಪಟ್ಟಿಯನ್ನು ಒಮ್ಮೆ ನೋಡಿದಳು, ಅಷ್ಟೆ.

ಡ್ರೈವರ್ ಎಂಬ ದಾಂಡು

ಗಾಲ್ಫಿನ ಪರಿಚಯವಿಲ್ಲದ ವಾಚಕರಿಗಾಗಿ ಒಂದು ಮಾತು. ಇಲ್ಲಿ ಡ್ರೈವರ್ ಎಂದರೆ ಮೋಟಾರು ನಡೆಸುವವನಲ್ಲ. ಆಟಗಾರನ ಚೀಲದಲ್ಲಿರುವ ದಾಂಡುಗಳಲ್ಲೆಲ್ಲ ಬಹು ಉದ್ದವಾದದ್ದು, ಚೆಂಡನ್ನು ಬಹು ದೂರಕ್ಕೆ ಹಾರಿಸುವುದಕ್ಕಾಗಿಯೇ ಮಾಡಿದ್ದು ಡ್ರೈವರ್. ಅದರ ತಲೆ ಇಂದು ಸಾಮಾನ್ಯವಾಗಿ ಟೈಟಾನಿಯಮ್ ಲೋಹದ ಪೊಳ್ಳು ಗುಂಡು. ಗಾತ್ರ 460 ಘನ ಸೆಂಟಿಮೀಟರನ್ನು ಮೀರಬಾರದೆಂದು ನಿಯಮವಿದೆ. ತಲೆಗೂ ಕೈಹಿಡಿಗೂ ನಡುವೆ ಇರುವ ನೀಳವಾದ ಕೊಳವೆಯೇ ಶಾಫ್ಟ್, ಅಂದರೆ ದಾಂಡಿನ ಕಾವು.

ಈ ಆಟ ಕನ್ನಡ ನಾಡಿಗೆ ಹೊಸದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ಬು ಸ್ಥಾಪನೆಯಾದದ್ದು 1876ರಲ್ಲಿ. ಕೋಲಾರದ ಚಿನ್ನದ ಗಣಿಗಳ ನೆರೆಯಲ್ಲಿಯೂ ಬ್ರಿಟಿಷರು ಮೈದಾನ ಮಾಡಿಕೊಂಡಿದ್ದರು. ಆ ಕಾಲದ ದಾಂಡಿಗೆ ಇದ್ದದ್ದು ಮರದ ಕಾವೇ. ಉತ್ತರ ಅಮೆರಿಕದ ಹಿಕರಿ ಎಂಬ ಗಟ್ಟಿಮರ ಅದಕ್ಕೆ ಹೆಸರುವಾಸಿಯಾಗಿತ್ತು. ಮರವೆಂದ ಮೇಲೆ ಒಂದು ಕೋಲಿನಂತೆ ಇನ್ನೊಂದಿಲ್ಲ. ಆದುದರಿಂದ ಆಟಗಾರನು ಅಂಗಡಿಯಲ್ಲಿ ಹತ್ತಾರು ಕಾವುಗಳನ್ನು ಕೈಯಲ್ಲಿ ಅಲುಗಿಸಿ, ಬಾಗಿಸಿ, ತನ್ನ ಬೀಸಿಗೆ ಒಗ್ಗುವುದನ್ನು ಆರಿಸಿಕೊಳ್ಳುತ್ತಿದ್ದ. ಅಮೆರಿಕದ ಬಾಬಿ ಜೋನ್ಸ್ 1930ರಲ್ಲಿ ಒಂದೇ ವರ್ಷದೊಳಗೆ ನಾಲ್ಕು ದೊಡ್ಡ ಪಂದ್ಯಗಳನ್ನು ಗೆದ್ದದ್ದು ಇಂಥ ಹಿಕರಿ ಕಾವಿನ ದಾಂಡುಗಳಿಂದಲೇ. ಅಷ್ಟರಲ್ಲಿ ಉಕ್ಕು ಬಂದಿತ್ತು. ಅಮೆರಿಕ ಮೊದಲು ಅದಕ್ಕೆ ಒಪ್ಪಿಗೆ ಕೊಟ್ಟಿತು. ಸೇಂಟ್ ಆಂಡ್ರೂಸಿನ ಹಿರಿಯರ ಸಂಸ್ಥೆ 1929ರಲ್ಲಿ ಒಪ್ಪಿತು. 1970ರ ದಶಕದಲ್ಲಿ ಇಂಗಾಲದ ಎಳೆಗಳಿಂದ ಮಾಡಿದ ಗ್ರಾಫೈಟ್ ಶಾಫ್ಟ್ ಮಾರುಕಟ್ಟೆಗೆ ಬಂದು, ಇಂದು ಡ್ರೈವರುಗಳಲ್ಲಿ ಅದರದೇ ರಾಜ್ಯವಾಗಿದೆ. ಹಗುರವೂ ಆದ, ಬೇಕಾದಷ್ಟು ಬಿರುಸಾಗಿ ಅಥವಾ ಮೆದುವಾಗಿ ಮಾಡಬಹುದೂ ಆದ ವಸ್ತು ಅದು.

ವಸ್ತು ಬದಲಾದರೂ ಪ್ರಶ್ನೆ ಬದಲಾಗಲಿಲ್ಲ. ಈ ತೋಳಿಗೆ ಎಷ್ಟು ಬಾಗುವ ಕಾವು ಬೇಕು? ಹಿಂದೆ ಕೈಯೇ ಉತ್ತರ ಹೇಳುತ್ತಿತ್ತು. ಇಂದು ಕಾವಿನ ಮೇಲೆ ಅಚ್ಚಾದ ಒಂದು ಅಕ್ಷರವನ್ನು ನೋಡಿ ಕೊಳ್ಳುವವರೇ ಹೆಚ್ಚು. ತೊಡಕು ಹುಟ್ಟುವುದೂ ಅಲ್ಲಿಯೇ.

ಬಾಗಿದರೆ ಏನಾಗುತ್ತದೆ?

ಹಿಂದಕ್ಕೆತ್ತಿದ ಡ್ರೈವರನ್ನು ಕೆಳಕ್ಕೆ ಬೀಸಲು ಹಿಡಿಯುವ ಸಮಯ ಒಂದು ಸೆಕೆಂಡಿನ ಕಾಲುಭಾಗದಷ್ಟು. ಅಷ್ಟರಲ್ಲಿ ಶಾಫ್ಟ್ ಎರಡು ಸಾರಿ ಆಕಾರ ಬದಲಿಸುತ್ತದೆ. ಕೈಗಳು ಕೆಳಗಿಳಿಯತೊಡಗಿದೊಡನೆ ಸುಮಾರು 200 ಗ್ರಾಮಿನ ತಲೆ ಹಿಂದುಳಿಯುತ್ತದೆ. ಶಾಫ್ಟ್ ಹಿಂದಕ್ಕೆ ಬಾಗುತ್ತದೆ. ಬೀಸು ಚೆಂಡಿನ ಸಮೀಪಕ್ಕೆ ಬರುವಾಗ ಕಥೆ ತಿರುಗುತ್ತದೆ. ತಲೆಯ ಭಾರದ ಕೇಂದ್ರ ಶಾಫ್ಟಿನ ನೇರದಲ್ಲಿ ಇರುವುದಿಲ್ಲ, ಸ್ವಲ್ಪ ಹಿಂದಕ್ಕಿರುತ್ತದೆ. ವೇಗವಾಗಿ ಸುತ್ತುವ ಆ ಭಾರವು ಕೈಗಳ ನೇರಕ್ಕೆ ಬರಲು ಎಳೆಯುವುದರಿಂದ ಶಾಫ್ಟಿನ ತುದಿ ಈಗ ಮುಂದಕ್ಕೆ ಬಾಗುತ್ತದೆ. ಚೆಂಡಿಗೆ ಪೆಟ್ಟು ಬೀಳುವುದು ಸಾಮಾನ್ಯವಾಗಿ ಈ ಸ್ಥಿತಿಯಲ್ಲಿ.

ತುದಿ ಮುಂದಕ್ಕೆ ಬಾಗಿದಷ್ಟೂ ದಾಂಡಿನ ಮುಖ ಆಕಾಶದ ಕಡೆಗೆ ಹೆಚ್ಚು ಓರೆಯಾಗುತ್ತದೆ, ಒಳಕ್ಕೂ ತುಸು ತಿರುಗುತ್ತದೆ. ಆದಕಾರಣ ತೋಳಿಗೆ ತೀರ ಮೆದುವಾದ ಶಾಫ್ಟಿನಿಂದ ಚೆಂಡು ಅಗತ್ಯಕ್ಕಿಂತ ಎತ್ತರಕ್ಕೆ ಏರಿ, ಬಲಗೈ ಆಟಗಾರನಿಗೆ ಎಡಕ್ಕೆ ಸರಿಯುವ ಪ್ರವೃತ್ತಿ ತೋರುತ್ತದೆ. ತೀರ ಬಿರುಸಾದರೆ ಚೆಂಡು ತಗ್ಗಾಗಿ ಹೊರಟು ಬಲಕ್ಕೆ ಓಡುತ್ತದೆ. ಇದು ಎಲ್ಲರಿಗೂ ಒಂದೇ ಬಗೆಯಾಗಿ ಅನ್ವಯಿಸುವ ಶಾಸನವಲ್ಲ. ಎಷ್ಟೋ ಆಟಗಾರರು ತಮಗೆ ಅರಿವಿಲ್ಲದಂತೆಯೇ ಕೈಚಳಕದಿಂದ ಇದನ್ನು ಸರಿದೂಗಿಸಿಕೊಳ್ಳುತ್ತಾರೆ. ಆದರೆ ಹಾಗೆ ಸರಿದೂಗಿಸುವ ಕೆಲಸ ದಿನವೂ ನಡೆದರೆ ಬೀಸಿನ ಸಹಜತೆ ಕೆಡುತ್ತದೆ.

ಶಾಫ್ಟ್ ಬಿಲ್ಲಿನಂತೆ ಚಿಮ್ಮಿ ಚೆಂಡನ್ನು ಎಸೆಯುತ್ತದೆಂಬ ನಂಬಿಕೆಯೊಂದು ಬೇರೂರಿದೆ. ಅದರಿಂದ ದೊರೆಯುವ ವೇಗ ಸ್ವಲ್ಪ ಮಾತ್ರ. ಚೆಂಡಿಗೂ ದಾಂಡಿಗೂ ಸ್ಪರ್ಶವಿರುವುದು ಒಂದು ಸೆಕೆಂಡಿನ ಎರಡು ಸಾವಿರದ ಒಂದನೆಯ ಭಾಗದಷ್ಟು ಕಾಲ. ಪೆಟ್ಟಿನ ಸುದ್ದಿ ಶಾಫ್ಟಿನುದ್ದಕ್ಕೂ ಏರಿ ಕೈ ಮುಟ್ಟಿ ಹಿಂದಿರುಗುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ. ಶಾಫ್ಟಿನ ನಿಜವಾದ ಕೆಲಸ, ತಲೆಯನ್ನು ಸರಿಯಾದ ಕ್ಷಣಕ್ಕೆ ಸರಿಯಾದ ಓರೆಯಲ್ಲಿ ಚೆಂಡಿನ ಬಳಿಗೆ ತಂದು ನಿಲ್ಲಿಸುವುದು. ಇಲ್ಲಿ ಇಳಕಲ್ಲಿನ ಸುತ್ತಿಗೆಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಮರೆಯಬಾರದು. ಅಲುಗದ ಬಂಡೆಗೆ ಬಡಿಯುವ ಸುತ್ತಿಗೆಯ ಕಾವು ಮುಖ್ಯವಾಗಿ ಕೈಯನ್ನು ಕಾಯುತ್ತದೆ. 46 ಗ್ರಾಮಿಗಿಂತ ಭಾರವಿರದ ಚೆಂಡಿಗೆ ಬಡಿಯುವ ಡ್ರೈವರಿನ ಕಾವು ಮುಖ್ಯವಾಗಿ ದಿಕ್ಕನ್ನು ಕಾಯುತ್ತದೆ. ಆದರೂ ಎರಡರ ಮೂಲಸೂತ್ರ ಒಂದೇ. ಎಷ್ಟು ಬಾಗಬೇಕೆಂಬುದನ್ನು ನಿರ್ಧರಿಸುವುದು ಬೀಸುವ ತೋಳು.

ಐದು ಅಕ್ಷರಗಳ ಮಾಯೆ

ತಯಾರಕರು ಶಾಫ್ಟಿನ ಬಿರುಸನ್ನು ಐದು ಇಂಗ್ಲಿಷ್ ಅಕ್ಷರಗಳಿಂದ ಸೂಚಿಸುತ್ತಾರೆ. ಡ್ರೈವರಿನ ತಲೆ ಚೆಂಡಿನ ಬಳಿ ಬರುವಾಗಿನ ವೇಗವನ್ನು ಆಧಾರವಾಗಿಟ್ಟುಕೊಂಡು ಆಟದ ಗುರುಗಳು ಸಾಮಾನ್ಯವಾಗಿ ಹೇಳುವ ಲೆಕ್ಕ ಹೀಗಿದೆ.

ಗಂಟೆಗೆ 75 ಮೈಲಿಗಿಂತ, ಅಂದರೆ ಸುಮಾರು 120 ಕಿಲೋಮೀಟರಿಗಿಂತ ಕಡಿಮೆ ವೇಗದವರಿಗೆ 'ಎಲ್'. ಇದು ಬಲು ಮೆದು. 75ರಿಂದ 85 ಮೈಲಿ, ಅಂದರೆ 137 ಕಿಲೋಮೀಟರಿನವರೆಗೆ 'ಎ'. 85ರಿಂದ 95 ಮೈಲಿ, ಅಂದರೆ 153 ಕಿಲೋಮೀಟರಿನವರೆಗೆ 'ಆರ್'. 95ರಿಂದ 105 ಮೈಲಿ, ಅಂದರೆ 169 ಕಿಲೋಮೀಟರಿನವರೆಗೆ 'ಎಸ್', ಇದು ಬಿರುಸು. ಅದಕ್ಕೂ ಮೀರಿದವರಿಗೆ 'ಎಕ್ಸ್', ಅತಿ ಬಿರುಸು. ಅಮೆರಿಕದ ಪುರುಷ ವೃತ್ತಿ ಆಟಗಾರರ ಸರಾಸರಿ ವೇಗ ಗಂಟೆಗೆ ಸುಮಾರು 115 ಮೈಲಿ. ಮಹಿಳಾ ವೃತ್ತಿ ಆಟಗಾರರದು ಸುಮಾರು 94. ವಾರಾಂತ್ಯಕ್ಕೆ ಮಾತ್ರ ಮೈದಾನಕ್ಕೆ ಹೋಗುವ ಗೃಹಸ್ಥರು ಬಹುಮಂದಿ 'ಎ' ಮತ್ತು 'ಆರ್' ಮೆಟ್ಟಿಲುಗಳ ಮೇಲೆಯೇ ನಿಲ್ಲುತ್ತಾರೆ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಮೊದಲನೆಯದು, ಈ ಅಕ್ಷರಗಳಿಗೆ ಎಲ್ಲರೂ ಒಪ್ಪಿದ ಅಳತೆಯಿಲ್ಲ. ಒಬ್ಬ ತಯಾರಕನ 'ಆರ್' ಇನ್ನೊಬ್ಬನ 'ಎಸ್'ನಷ್ಟು ಬಿರುಸಾಗಿರಬಹುದು. ಶಾಫ್ಟಿನ ಹಿಡಿಯ ತುದಿಯನ್ನು ಇಕ್ಕಳದಲ್ಲಿ ಬಿಗಿದು, ಇನ್ನೊಂದು ತುದಿಯನ್ನು ಮಿಡಿದು, ನಿಮಿಷಕ್ಕೆ ಎಷ್ಟು ಸಾರಿ ಓಲಾಡುತ್ತದೆಂದು ಎಣಿಸುವ ಯಂತ್ರವುಂಟು. ಡ್ರೈವರುಗಳಲ್ಲಿ ಆ ಸಂಖ್ಯೆ 250ರ ಆಸುಪಾಸಿನಲ್ಲಿರುತ್ತದೆ; ಬಿರುಸಾದಷ್ಟೂ ಸಂಖ್ಯೆ ಏರುತ್ತದೆ. ಅಕ್ಷರಕ್ಕಿಂತ ಈ ಸಂಖ್ಯೆ ಹೆಚ್ಚು ಪ್ರಾಮಾಣಿಕ.

ಎರಡನೆಯ ಎಚ್ಚರಿಕೆ ಮನಸ್ಸಿಗೆ ಸಂಬಂಧಿಸಿದ್ದು. 'ಎಲ್' ಎಂದರೆ ಮಹಿಳೆಯರದು, 'ಎ' ಎಂದರೆ ವಯಸ್ಸಾದವರದು ಎಂಬ ಅರ್ಥ ಬಳಕೆಯಲ್ಲಿ ನೆಲೆಗೊಂಡಿದೆ. ಶಾಫ್ಟಿಗಾದರೋ ಹಿಡಿದವರು ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ, ವೇಗ ಮಾತ್ರ ಗೊತ್ತಾಗುತ್ತದೆ. ಆದರೆ ಅಂಗಡಿಯ ಮುಂದೆ ನಿಂತ ಗೃಹಸ್ಥನ ಮನಸ್ಸು ಬೇರೆ. ಗೆಳೆಯರ ಎದುರಿನಲ್ಲಿ 'ಆರ್' ಎಂದು ಹೇಳಲು ಸಂಕೋಚ, 'ಎ' ಎನ್ನಲು ನಾಚಿಕೆ. ನಮ್ಮ ಇಂಜಿನಿಯರನು ಹತ್ತಾರು ಸಾವಿರ ರೂಪಾಯಿ ಕೊಟ್ಟು ತಂದ ಡ್ರೈವರಿನ ಮೇಲೆ ಇದ್ದದ್ದು 'ಎಕ್ಸ್'. ಮಗಳು ತನಗೂ ಆಟ ಕಲಿಸೆಂದು ಹಟ ಹಿಡಿದಾಗ, ಹೆಣ್ಣುಮಗಳೆಂಬ ಒಂದೇ ಕಾರಣಕ್ಕೆ, ಅಳೆಯದೆ, ಕೇಳದೆ, 'ಎಲ್' ಬರೆದ ದಾಂಡನ್ನು ಕೈಗಿತ್ತಿದ್ದ. ಅವಳ ಚೆಂಡುಗಳು ಆಕಾಶಕ್ಕೇರಿ ಎಡಕ್ಕೆ ಬೀಳುತ್ತಿದ್ದವು. ತನಗೆ ಈ ಆಟ ಬರುವುದಿಲ್ಲವೆಂದೇ ಅವಳು ತೀರ್ಮಾನಿಸಿಬಿಟ್ಟಿದ್ದಳು. ತಪ್ಪು ಅಕ್ಷರ ತಂದೆಗೆ ಮೊಣಕೈಯ ನೋವಿನ ಜೊತೆಗೆ ಬಂತು. ಮಗಳಿಂದ ಕಸಿದುಕೊಂಡದ್ದು ಆಟವನ್ನೇ.

ಮೊಣಕೈ ನೋವಿಗೆ ಶಾಫ್ಟ್ ಒಂದೇ ಹೊಣೆಯೆಂದು ಹೇಳಲಾಗದು. ಮಿತಿಮೀರಿದ ಅಭ್ಯಾಸ, ತಪ್ಪು ಹಿಡಿತ, ನೆಲಕ್ಕೆ ಬಡಿಯುವ ಪೆಟ್ಟು, ಇವೂ ಕಾರಣಗಳೇ. ಆದರೆ ತನ್ನ ಶಕ್ತಿಗೆ ಮೀರಿದ ಬಿರುಸಿನ, ಭಾರದ ದಾಂಡನ್ನು ಹಿಡಿದವನು ಅದನ್ನು ಬಗ್ಗಿಸಲು ಬಲಾತ್ಕಾರವಾಗಿ ಬೀಸುತ್ತಾನೆ. ಬಲಾತ್ಕಾರದ ಬೀಸು ಒಂದಲ್ಲ ಒಂದು ಕೀಲಿನಿಂದ ಲೆಕ್ಕ ವಸೂಲು ಮಾಡದೆ ಬಿಡದು.

ವೇಗವನ್ನು ತಿಳಿಯುವ ಬಗೆ

ಸ್ವಂತ ವೇಗವನ್ನು ತಿಳಿಯುವುದು ಇಂದು ಕಷ್ಟವಲ್ಲ. ಅಭ್ಯಾಸದ ಮೈದಾನಗಳಲ್ಲಿಯೂ ದೊಡ್ಡ ಅಂಗಡಿಗಳಲ್ಲಿಯೂ ರೇಡಾರಿನಿಂದಲೋ ಕ್ಯಾಮರಾದಿಂದಲೋ ಕೆಲಸ ಮಾಡುವ ಸಣ್ಣ ಯಂತ್ರಗಳಿವೆ. ದಾಂಡಿನ ವೇಗ, ಚೆಂಡಿನ ವೇಗ, ಅದು ಏರುವ ಕೋನ, ತಿರುಗುವ ಸುತ್ತುಗಳು, ಎಲ್ಲವನ್ನೂ ಅವು ಒಡನೆಯೇ ತೋರಿಸುತ್ತವೆ. ಹತ್ತು ಪೆಟ್ಟು ಹೊಡೆದು, ಅತಿ ಜೋರಿನ ಎರಡನ್ನೂ ಅತಿ ಕೆಟ್ಟ ಎರಡನ್ನೂ ಬಿಟ್ಟು, ಉಳಿದ ಆರರ ಸರಾಸರಿ ತೆಗೆಯುವುದು ಉತ್ತಮ. ಯಂತ್ರವನ್ನು ಕಂಡೊಡನೆ ಮೈಯಲ್ಲಿ ಆವೇಶ ಬಂದು ಮಾಮೂಲಿಗಿಂತ ಬಲವಾಗಿ ಬೀಸುವುದು ಮನುಷ್ಯಸ್ವಭಾವ. ಆ ಆವೇಶದ ವೇಗಕ್ಕೆ ಶಾಫ್ಟ್ ಕೊಂಡರೆ, ಆವೇಶವಿಲ್ಲದ ಮಿಕ್ಕ ದಿನಗಳೆಲ್ಲ ಕಷ್ಟಪಡಬೇಕಾಗುತ್ತದೆ.

ಯಂತ್ರ ದೊರೆಯದಿದ್ದರೆ ಚೆಂಡು ಹಾರಿದ ದೂರವೇ ಅಳತೆ. ಉರುಳಿದ್ದನ್ನು ಬಿಟ್ಟು, ಗಾಳಿಯಲ್ಲಿ ಮಾತ್ರ ಸುಮಾರು 200 ಗಜ ದಾಟುವವನ ವೇಗ ಗಂಟೆಗೆ 85ರಿಂದ 90 ಮೈಲಿಯ ಸುಮಾರಿನಲ್ಲಿರುತ್ತದೆಂದು ತಿಳಿಯಬಹುದು. ಅಂಥವನಿಗೆ 'ಆರ್' ಸಾಕು. ಎರಡು ಮೆಟ್ಟಿಲುಗಳ ಗಡಿಯಲ್ಲಿ ನಿಂತವರು ಮೊದಲು ಮೆದುವಾದುದನ್ನೇ ಪರೀಕ್ಷಿಸಿ ನೋಡುವುದು ಲೇಸು.

ವೇಗವೊಂದೇ ಅಲ್ಲ

ಒಂದೇ ವೇಗದ ಇಬ್ಬರಿಗೂ ಒಂದೇ ಶಾಫ್ಟ್ ಹಿಡಿಸಬೇಕೆಂದಿಲ್ಲ. ಒಬ್ಬನು ಮೇಲಿನಿಂದ ಕೆಳಕ್ಕೆ ತಿರುಗುವ ಕ್ಷಣದಲ್ಲಿಯೇ ಝಾಡಿಸಿ ಎಳೆಯುತ್ತಾನೆ. ಇನ್ನೊಬ್ಬನು ನಿಧಾನವಾಗಿ ಆರಂಭಿಸಿ ಕೊನೆಗೆ ವೇಗ ಕೂಡಿಸುತ್ತಾನೆ. ಇಳಕಲ್ಲಿನ ಕೈಮಗ್ಗಗಳಲ್ಲಿ ಈ ವ್ಯತ್ಯಾಸ ಎಲ್ಲರಿಗೂ ಗೊತ್ತು. ಇಬ್ಬರು ನೇಕಾರರು ಒಂದು ಗಳಿಗೆಯಲ್ಲಿ ಅಷ್ಟೇ ಸಾರಿ ಲಾಳಿ ಓಡಿಸಿದರೂ, ಎಳೆತದಲ್ಲಿ ಜಗ್ಗು ಹೆಚ್ಚಿರುವವನ ಎಳೆ ಬೇಗ ಹರಿಯುತ್ತದೆ. ಹಾಗೆಯೇ ಜಗ್ಗಿ ಬೀಸುವ ಆಟಗಾರನಿಗೆ ಅದೇ ವೇಗದಲ್ಲಿಯೂ ತುಸು ಬಿರುಸಾದ ಶಾಫ್ಟ್ ಬೇಕಾಗಬಹುದು. ನಯವಾಗಿ ಬೀಸುವವನಿಗೆ ಮೆದುವಾದದ್ದು ಒಪ್ಪುತ್ತದೆ.

ತೂಕದ ವಿಷಯವೂ ಹೀಗೆಯೇ. ಗ್ರಾಫೈಟ್ ಶಾಫ್ಟುಗಳು ಸಾಮಾನ್ಯವಾಗಿ 45ರಿಂದ 75 ಗ್ರಾಮಿನವರೆಗೆ ತೂಗುತ್ತವೆ. ಹಗುರವಾದದ್ದು ವೇಗ ಹೆಚ್ಚಿಸಬಲ್ಲದು. ತೀರ ಹಗುರವಾದರೆ ದಾಂಡಿನ ತಲೆ ಎಲ್ಲಿದೆ ಎಂಬ ಅರಿವೇ ಕೈಗೆ ತಪ್ಪುತ್ತದೆ.

ಇನ್ನು ಉದ್ದ. ಇಳಕಲ್ಲು ದಾಟಿದ ಕಾರು ಹುನಗುಂದದಲ್ಲಿ ಚಹಕ್ಕಾಗಿ ನಿಂತಾಗ, ರಸ್ತೆಯ ಆಚೆಬದಿಯಲ್ಲಿ ಬಡಗಿಯೊಬ್ಬ ರೈತನ ಕೊಡಲಿಗೆ ಜಾಲಿಯ ಕಾವು ಕೂಡಿಸುತ್ತಿದ್ದ. ಕಾವು ತೊಡಿಸುವ ಮುನ್ನ ರೈತನನ್ನು ಎದ್ದು ನಿಲ್ಲೆಂದು ಹೇಳಿ, ಕೋಲನ್ನು ಅವನ ಮೈಗೆ ಹಿಡಿದು ನೋಡಿ, ನಾಲ್ಕು ಬೆರಳಷ್ಟು ಕತ್ತರಿಸಿದ. ಗಿರಾಕಿ ಉದ್ದನೆಯ ಕಾವು ಕೇಳಿದನೆಂದು ಉದ್ದನೆಯದನ್ನು ಕೊಡುವ ಬಡಗಿ ಅವನಲ್ಲ. ಗಾಲ್ಫಿನಲ್ಲಿ ನಿಯಮ ಡ್ರೈವರಿಗೆ 48 ಅಂಗುಲದವರೆಗೆ ಅವಕಾಶ ಕೊಡುತ್ತದೆ. 2022ರಿಂದ ವೃತ್ತಿಪಂದ್ಯಗಳಲ್ಲಿ ಅದನ್ನು 46 ಅಂಗುಲಕ್ಕೆ ಇಳಿಸಲು ಅನುಮತಿಯಿದೆ. ಅಂಗಡಿಯ ಡ್ರೈವರುಗಳು ಬಹುಶಃ 45ರಿಂದ 46 ಅಂಗುಲದೊಳಗೆ ಇರುತ್ತವೆ. ಉದ್ದ ಹೆಚ್ಚಿದರೆ ವೇಗ ತುಸು ಹೆಚ್ಚುತ್ತದೆ ನಿಜ. ಆದರೆ ಚೆಂಡು ದಾಂಡಿನ ಮುಖದ ನಟ್ಟನಡುವೆ ತಾಗುವುದು ಕಡಿಮೆಯಾಗುತ್ತದೆ. ನಡುವಿಗೆ ತಾಗದ ಪೆಟ್ಟಿನಿಂದ ಆಗುವ ನಷ್ಟ, ಉದ್ದದಿಂದ ಬಂದ ಲಾಭವನ್ನು ನುಂಗಿಬಿಡುತ್ತದೆ. ಅರ್ಧ ಅಂಗುಲ ಕಡಿಮೆ ಮಾಡಿಸಿದ ಎಷ್ಟೋ ಗೃಹಸ್ಥರ ಆಟ ಸುಧಾರಿಸುವುದು ಈ ಕಾರಣದಿಂದಲೇ.

ಟೋಕಿಯೊದಲ್ಲಿ ಬೆಂಗಳೂರಿನ ಹುಡುಗಿ

ದೂರವೇ ಎಲ್ಲವೂ ಅಲ್ಲವೆಂಬುದಕ್ಕೆ ಕನ್ನಡ ನಾಡಿನಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅದಿತಿ ಅಶೋಕ್ ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನದಲ್ಲಿ ಚಿಕ್ಕಂದಿನಲ್ಲೇ ಆಟ ಕಲಿತವರು. 2016ರ ರಿಯೊ ಒಲಿಂಪಿಕ್ಸಿನಲ್ಲಿ ಅವರ ಚೀಲ ಹೊತ್ತವರು ತಂದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ತಾಯಿ. ಆ ವರ್ಷ ಕೋವಿಡ್ ಜ್ವರದಿಂದ ಎದ್ದು ಹೋಗಿದ್ದ ಅದಿತಿಯವರ ಪೆಟ್ಟಿನ ದೂರ ಇನ್ನೂ ತಗ್ಗಿತ್ತು. ಡ್ರೈವರಿನಿಂದ ಹಾರಿಸುವ ದೂರದಲ್ಲಿ ಅಲ್ಲಿ ಸೇರಿದ್ದ ಆಟಗಾರ್ತಿಯರ ಪೈಕಿ ಅವರು ತೀರ ಕೊನೆಯ ಸಾಲಿನವರು. ಇತರರಿಗಿಂತ ಬಹಳ ಹಿಂದೆ ಬಿದ್ದ ತಮ್ಮ ಚೆಂಡಿನ ಬಳಿಗೆ ನಡೆದುಹೋಗಿ, ಅವರಿಗಿಂತ ಉದ್ದದ ಎರಡನೆಯ ಪೆಟ್ಟು ಹೊಡೆದು, ಕುಳಿಯ ಬಳಿಯ ನಿಖರತೆಯಿಂದ ಆ ಕೊರತೆಯನ್ನು ತುಂಬಿಕೊಳ್ಳುತ್ತ, ನಾಲ್ಕು ದಿನಗಳ ಕೊನೆಗೆ ಅವರು ನಾಲ್ಕನೆಯ ಸ್ಥಾನಕ್ಕೆ ಬಂದರು. ಕಂಚಿನ ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಿಂದ. ಗಾಲ್ಫ್ ಎಂದರೇನೆಂದು ತಿಳಿಯದ ಮನೆಗಳೂ ಆ ಶನಿವಾರ ಬೆಳಗ್ಗೆ ಟೆಲಿವಿಷನ್ನಿನ ಮುಂದೆ ಕುಳಿತವು.

ತನ್ನಲ್ಲಿಲ್ಲದ ವೇಗವನ್ನು ಇದೆಯೆಂದು ನಟಿಸದೆ, ಇರುವ ವೇಗಕ್ಕೆ ತಕ್ಕ ಆಟವನ್ನು ಕಟ್ಟಿಕೊಂಡವರು ಅದಿತಿ. ಒಂದು ಶಾಫ್ಟ್ ಆರಿಸುವಾಗ ಬೇಕಾಗುವುದೂ ಅದೇ ಬಗೆಯ ಪ್ರಾಮಾಣಿಕತೆ.

ಮೂರು ತಲೆಮಾರು, ಮೂರು ಅಕ್ಷರ

ಬಾಗಲಕೋಟೆಯ ನವನಗರದ ಮನೆಯಲ್ಲಿ ಅಜ್ಜ ಕಾದಿದ್ದರು. ಆಲಮಟ್ಟಿಯ ಹಿನ್ನೀರು ಹಳೆಯ ಊರಿನೊಳಗೆ ಬಂದಾಗ ಮನೆ ಬಿಟ್ಟು ಇಲ್ಲಿಗೆ ಬಂದು ನೆಲೆಸಿದವರು. ಮಗನ ಮೊಣಕೈ ನೋಡಿ ಚಿಂತೆಪಟ್ಟರು. ಸೊಸೆ ಇಳಕಲ್ಲಿನ ಕಥೆ ಹೇಳಿದಳು. ಮರುದಿನ ಎಲ್ಲರೂ ಬಾದಾಮಿಗೆ ಹೋದರು.

ಮಂಗಳೇಶನು ಮಾಡಿಸಿದ, 578ರಲ್ಲಿ ಪೂರ್ಣಗೊಂಡ ಮೂರನೆಯ ಗುಹೆಯ ಕಂಬಗಳ ನಡುವೆ ಮೊಮ್ಮಗಳು ಬಹಳ ಹೊತ್ತು ನಿಂತಳು. ಬಾದಾಮಿಯ ಮರಳುಗಲ್ಲು ಇಳಕಲ್ಲಿನ ಗ್ರಾನೈಟಿನಷ್ಟು ಗಟ್ಟಿಯಲ್ಲ. ಉಳಿಗೆ ಮಣಿಯುವ ಕಲ್ಲು. ಅದಕ್ಕೆ ಬೇಕಾದ ಪೆಟ್ಟೇ ಬೇರೆ.

"ಅಜ್ಜಾ, ಇದನ್ನ ಕೆತ್ತಿದವರೂ ತಮ್ಮ ತಮ್ಮ ಕೈಗೆ ಸರಿಹೋಗೂ ಸುತ್ತಿಗಿ ಹಿಡದಿದ್ರೇನು?"

"ಮತ್ತ? ಪಕ್ಕದಾಂವನ ಸುತ್ತಿಗಿ ನೋಡಿ ಆಸೆ ಪಟ್ಟಾಂವ ಇಂಥಾ ಕೆಲಸಾ ಮಾಡತಿದ್ದಿಲ್ಲವ್ವಾ."

ಇಂಜಿನಿಯರನು ಆ ಮಾತನ್ನು ಕೇಳಿಯೂ ಕೇಳದವನಂತೆ ಅಗಸ್ತ್ಯತೀರ್ಥದ ಕಡೆಗೆ ನೋಡುತ್ತ ನಿಂತ.

ಹಬ್ಬ ಮುಗಿದು ಬೆಂಗಳೂರಿಗೆ ಮರಳುವಾಗ ಅಜ್ಜನೂ ಜೊತೆಗೆ ಬಂದರು. ಒಂದು ಭಾನುವಾರ ಮೂವರೂ ಅಭ್ಯಾಸದ ಮೈದಾನದ ಯಂತ್ರದ ಮುಂದೆ ನಿಂತರು. ಇಂಜಿನಿಯರನ ಸರಾಸರಿ ಗಂಟೆಗೆ 88 ಮೈಲಿ. 'ಎಕ್ಸ್' ಹೋಗಿ 'ಆರ್' ಬಂತು. ಹುಡುಗಿಯದು 79. 'ಎಲ್' ಬಿಟ್ಟು ಅವಳು 'ಎ'ಗೆ ಏರಿದಳು; ಮುದುಕರದೆಂದು ಹೆಸರಾದ ಅಕ್ಷರ ಹದಿನಾಲ್ಕರ ಮಗುವಿಗೆ ಸಂದಿತು. ಹೊಸ ಶಾಫ್ಟಿನಿಂದ ಹೊಡೆದ ಮೂರನೆಯ ಚೆಂಡೇ ನೆಟ್ಟಗೆ ಹೋಯಿತು. ಅವಳು ದಾಂಡನ್ನು ಕೆಳಗಿಡಲು ಒಪ್ಪಲಿಲ್ಲ.

ಕೊನೆಗೆ ಅಜ್ಜನ ಸರದಿ. ಪಂಚೆಯನ್ನು ಎತ್ತಿ ಕಟ್ಟಿ ನಿಧಾನವಾಗಿ ಬೀಸಿದರು. ಯಂತ್ರ 66 ಮೈಲಿ ತೋರಿಸಿತು. ಅಂದರೆ ಮಹಿಳೆಯರದೆಂದು ಹೆಸರಾದ 'ಎಲ್'. ಮಗ ಹೇಳಲೋ ಬೇಡವೋ ಎಂದು ಅನುಮಾನಿಸಿದ. ಮೊಮ್ಮಗಳು ಹೇಳಿಯೇಬಿಟ್ಟಳು.

ಅಜ್ಜ ನಕ್ಕರು. "ಅಕ್ಷರಾ ಯಾವುದಾದ್ರ ಏನವ್ವಾ, ಚೆಂಡಿಗಿ ಓದಾಕ ಬರತೈತೇನು? ತಾ ಇಲ್ಲಿ."

ಮಗ ತನ್ನ ಮೊಣಕೈಯ ಪಟ್ಟಿಯನ್ನು ಸಡಿಲಿಸುತ್ತ ಬೆಂಚಿನ ಮೇಲೆ ಕುಳಿತ. ಎದುರಿಗೆ ಅಜ್ಜನೂ ಮೊಮ್ಮಗಳೂ ತಮ್ಮ ತಮ್ಮ ದಾಂಡು ಹಿಡಿದು, ಯಾರನ್ನೂ ನೋಡದೆ, ಚೆಂಡಿನ ಮೇಲೆ ಕಣ್ಣಿಟ್ಟು ನಿಂತಿದ್ದರು.